ದಾಸವಾಳದ ಹಿಟ್ಟು ತಿಗಣೆ: ಮೊದಲು ಇರುವೆಯ ದಾರಿ ಮುಚ್ಚಿ

ನಮಸ್ಕಾರ. ತಾರಸಿಯ ಕುಂಡದಲ್ಲಿರುವ ದಾಸವಾಳದ ಚಿಗುರಿಗೆ ಬಿಳಿ ಹುಳು ಮುತ್ತಿದೆ, ಎಲೆ ಮುರುಟಿದೆ, ಇರುವೆಗಳೂ ಸಾಲುಗಟ್ಟಿವೆ, ಕೀಟನಾಶಕ ಎಷ್ಟು ಹೊಡೆದರೂ ಹೋಗುತ್ತಿಲ್ಲ, ಸಸ್ಯ ಆರೋಗ್ಯ ತಜ್ಞರು ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಈ ಲಕ್ಷಣಗಳೆಲ್ಲ ಹಿಟ್ಟು ತಿಗಣೆಯದ್ದೇ. ಅದರ ಮೈಮೇಲಿನ ಮೇಣದ ಪದರ ಔಷಧಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಸಾಲದೆಂಬಂತೆ, ಅದು ಸ್ರವಿಸುವ ಸಿಹಿ ಅಂಟಿಗಾಗಿ ಬರುವ ಇರುವೆಗಳು ಅದನ್ನು ತಿನ್ನುವ ಕೀಟಗಳನ್ನು ಓಡಿಸುತ್ತವೆ. ಆದ್ದರಿಂದ ತಜ್ಞರು ಔಷಧಿಗಿಂತ ಮೊದಲು ಇರುವೆಯ ದಾರಿಯನ್ನು ಹುಡುಕುತ್ತಾರೆ. ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡವನ್ನಿರಿಸಿ, ಗೋಡೆಗೆ ತಾಗುವ ಕೊಂಬೆಗಳನ್ನು ಸವರಿಬಿಡಿ. ಮುರುಟಿದ ಚಿಗುರನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಎಸೆಯಿರಿ. ಬಳಿಕ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಬೆರೆಸಿ, ಎಲೆಯ ಅಡಿಭಾಗವೂ ನೆನೆಯುವಂತೆ ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ.

ಆದರೆ ಸಿಂಪಡಿಸುವ ಮುನ್ನ ದಯವಿಟ್ಟು ಹತ್ತಿರದಿಂದ ನೋಡಿ. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಮೈತುಂಬ ಉದ್ದನೆಯ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಮರಿಯೊಂದು ಕಂಡರೆ ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನದು. ಹಿಟ್ಟು ತಿಗಣೆಯನ್ನೇ ತಿಂದು ಬೆಳೆಯುವ ಈ ಜೀವಿಯನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಲಾಯಿತು. ಅದು ಕಂಡಲ್ಲಿ ಸಿಂಪರಣೆಯನ್ನು ನಿಲ್ಲಿಸಿ, ಇರುವೆಯನ್ನಷ್ಟೇ ತಡೆಯಿರಿ.