ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರಿಶಿನ ನೀರು ಕುಡಿದರೆ ತೂಕ ಇಳಿಯುತ್ತಾ?

ಅದೊಂದರಿಂದಲೇ ಇಳಿಯುವುದಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ಅಂಶ ಉರಿಯೂತ ತಗ್ಗಿಸುತ್ತದೆ, ಮಂಡಿನೋವಿಗೂ ಸ್ವಲ್ಪ ಆರಾಮ ಕೊಡಬಹುದು. ಆದರೆ ಪುಡಿಯಲ್ಲಿ ಅದು ಇರುವುದು ಶೇ. 3ರ ಆಸುಪಾಸು. ನೀರಿನಲ್ಲಿ ಕರಗುವುದೂ ಇಲ್ಲ, ಲೋಟದ ತಳದಲ್ಲಿ ಹಳದಿ ಗಸಿ ಕೂರುತ್ತದೆ ನೋಡಿ. ಎಣ್ಣೆ, ಕರಿಮೆಣಸು ಜೊತೆಗಿದ್ದರೆ ಮೈಗೆ ಹತ್ತುತ್ತದೆ. ನಮ್ಮ ಕಲಬುರಗಿ ಮನೆಗಳಲ್ಲಿ ತೊಗರಿ ಬೇಳೆಗೆ ಚಿಟಿಕೆ ಅರಿಶಿನ ಹಾಕಿ, ಮೇಲೆ ಒಗ್ಗರಣೆ ಕೊಡುತ್ತೇವಲ್ಲ, ಅದೇ ಒಳ್ಳೆಯ ದಾರಿ.

ತೂಕಕ್ಕೆ ಬೇರೆಯದೇ ಕೆಲಸ ಬೇಕು. ಶೇಂಗಾ ಹಿಂಡಿ (ಚಟ್ನಿಪುಡಿ) ಮೇಲೆ ಸುರಿಯುವ ಎಣ್ಣೆ, ಪದೇ ಪದೇ ಕುಡಿಯುವ ಸಕ್ಕರೆ ಚಹಾ ಕಡಿಮೆ ಮಾಡಿ. ಸಂಜೆ ನಮ್ಮೂರ ಅಪ್ಪನ ಕೆರೆ ಕಡೆ ಜೋರಾಗಿ ನಡೆಯಿರಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಅರಿಶಿನದ ಕ್ಯಾಪ್ಸೂಲ್ ಸುಮ್ನೆ ಶುರು ಮಾಡಬೇಡಿ, ಮೊದಲು ಡಾಕ್ಟರನ್ನು ಕೇಳಿ.