ಲಿನಕ್ಸ್‌ನಲ್ಲಿ ಒಳ ಮೋಡೆಮ್ ಸಿಗುತ್ತಿಲ್ಲವೆಂದರೆ ಮೊದಲು ಚಿಪ್ ನೋಡಿ

ಸಕಲೇಶಪುರದ ಹತ್ತಿರದ ತೋಟದ ಮನೆಗೆ ದೂರವಾಣಿ ತಂತಿ ಬಿಟ್ಟರೆ ಬೇರೆ ಸಂಪರ್ಕವಿಲ್ಲವೆಂದೂ, ವಿಂಡೋಸ್‌ನಲ್ಲಿ ಸರಿಯಾಗಿ ಡಯಲ್ ಮಾಡುತ್ತಿದ್ದ ಒಳ ಮೋಡೆಮ್ (ದೂರವಾಣಿ ತಂತಿಯ ಮೂಲಕ ಅಂತರ್ಜಾಲಕ್ಕೆ ಸೇರಿಸುವ, ಕಂಪ್ಯೂಟರಿನೊಳಗಿನ ಕಾರ್ಡ್) ಲಿನಕ್ಸ್ ಹಾಕಿದ ಮೇಲೆ ಕಾಣಿಸುತ್ತಲೇ ಇಲ್ಲವೆಂದೂ ಬರೆದಿದ್ದೀರಿ. ಮೂಡಿಗೆರೆಯ ನಮ್ಮ ಮನೆಯಲ್ಲಿ ನಾನೂ ಇದೇ ತೊಂದರೆಯನ್ನು ಅನುಭವಿಸಿದ್ದೇನೆ. ನಿಮ್ಮ ಕಾರ್ಡ್ ಕೆಟ್ಟಿರಲಾರದು. ಅದು ಪೂರ್ಣ ಮೋಡೆಮ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು.

ಪೂರ್ಣ ಮೋಡೆಮ್‌ನಲ್ಲಿ ಎಟಿ ಆದೇಶಗಳನ್ನು (ಡಯಲ್ ಮಾಡು ಎಂಬಂಥ, ‘ಎಟಿ’ ಎಂದು ಶುರುವಾಗುವ ಸೂಚನೆಗಳನ್ನು) ಪಾಲಿಸುವ ಕಂಟ್ರೋಲರ್, ಮಾಹಿತಿಯನ್ನು ದನಿಯಾಗಿಯೂ ದನಿಯನ್ನು ಮಾಹಿತಿಯಾಗಿಯೂ ಮಾರ್ಪಡಿಸುವ ಚಿಪ್ ಎರಡೂ ಕಾರ್ಡಿನ ಮೇಲೆಯೇ ಇರುತ್ತವೆ. ‘ವಿನ್‌ಮೋಡೆಮ್’ ಎಂಬ ಅಗ್ಗದ ಕಾರ್ಡುಗಳಲ್ಲಿ ಈ ಕೆಲಸದ ಬಹುಪಾಲನ್ನು ವಿಂಡೋಸ್‌ಗಾಗಿ ಬರೆದ ಡ್ರೈವರಿನ (ಕಾರ್ಡನ್ನು ನಡೆಸುವ ತಂತ್ರಾಂಶದ) ಮೂಲಕ ಕಂಪ್ಯೂಟರಿನ ಪ್ರೊಸೆಸರ್ರೇ ಮಾಡುವುದರಿಂದ, ಆ ಡ್ರೈವರ್ ಇಲ್ಲದೆಡೆ ಕಾರ್ಡ್ ಬರೀ ದೂರವಾಣಿ ತಂತಿಯ ಸಾಕೆಟ್ ಆಗಿ ಉಳಿಯುತ್ತದೆ.

ಆದ್ದರಿಂದ ಮೊದಲು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ), ಒಳಗಿನ ಕಾರ್ಡುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಪಿಸಿಐ’ (lspci) ಆದೇಶ ಕೊಟ್ಟು ಮೋಡೆಮ್‌ನ ಸಾಲನ್ನು ಓದಿಕೊಳ್ಳಿ. ಅನಂತರ ವಿದ್ಯುತ್ ತಂತಿಯನ್ನೂ ದೂರವಾಣಿ ತಂತಿಯನ್ನೂ ಕಿತ್ತು, ಕ್ಯಾಬಿನೆಟ್ ತೆರೆದು, ಕಾರ್ಡಿನ ಅತಿ ದೊಡ್ಡ ಚಿಪ್ಪಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿಗೆ ಕಾಣದ ಬೂದು ಅಕ್ಷರಗಳು ಆಗ ಎದ್ದು ಕಾಣುತ್ತವೆ. ನಾನು ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಮೂರು ಸಂಜೆ ಬೇರಾವುದೋ ಡ್ರೈವರಿನ ಹಿಂದೆ ಬಿದ್ದಿದ್ದೆ, ಚಿಪ್ಪಿನ ಮೇಲೆ ಇದ್ದದ್ದು ‘ಸ್ಮಾರ್ಟ್ ಲಿಂಕ್’ ಎಂಬ ಬೇರೆ ತಯಾರಕರ ಹೆಸರು.

ಸ್ಮಾರ್ಟ್ ಲಿಂಕ್ ಚಿಪ್ಪಿಗೆ ‘ಎಸ್‌ಎಲ್‌ಮೋಡೆಮ್‌ಡಿ’, ಲೂಸೆಂಟ್ ಚಿಪ್ಪುಗಳಲ್ಲಿ ಹಲವಕ್ಕೆ ‘ಎಲ್‌ಟಿಮೋಡೆಮ್’ ಎಂಬ ಡ್ರೈವರುಗಳಿವೆ. ಕೊನೆಕ್ಸೆಂಟ್‌ನ ಎಚ್‌ಎಸ್‌ಎಫ್ ಚಿಪ್ಪಿಗೆ ಲಿನಕ್ಸಾಂಟ್ ಕಂಪನಿಯ ಡ್ರೈವರಿನ ಉಚಿತ ಆವೃತ್ತಿ 14.4 ಕೆಬಿಪಿಎಸ್‌ಗಿಂತ ವೇಗವಾಗಿ ಓಡುವುದಿಲ್ಲ. ಡ್ರೈವರನ್ನು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸೇರುವ ಮಾಡ್ಯೂಲ್ ಆಗಿ ನೀವೇ ಕಟ್ಟಬೇಕಾಗಿ ಬಂದರೆ, ‘ಯುನೇಮ್ ಹೈಫನ್ ಆರ್’ (uname -r) ಆದೇಶ ತೋರಿಸುವ ಕರ್ನಲ್ ಆವೃತ್ತಿಯ ಹೆಡರ್ ಕಡತಗಳೇ (ಕಟ್ಟುವಾಗ ಬೇಕಾಗುವ ಕಡತಗಳು) ಬೇಕು, ಹತ್ತಿರದ ಆವೃತ್ತಿಯವು ಸಾಲವು. ಇವನ್ನೆಲ್ಲ ಇಳಿಸಿಕೊಳ್ಳಲು ನಿಮ್ಮ ಮನೆಯಲ್ಲಿ ಅಂತರ್ಜಾಲವೇ ಇಲ್ಲವಾದ್ದರಿಂದ, ಆವೃತ್ತಿಯ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು ಪೇಟೆಗೆ ಹೋಗಿ ಪೆನ್‌ಡ್ರೈವಿನಲ್ಲಿ ತನ್ನಿ.

ಡ್ರೈವರ್ ಕುಳಿತ ಮೇಲೆ, ಡಯಲ್ ಮಾಡಿ ಸಂಪರ್ಕ ಕೊಡಿಸುವ ‘ಡಬ್ಲ್ಯೂವಿಡಯಲ್’ ತಂತ್ರಾಂಶ ಬಳಸಿ. ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಡಯಲ್ ಟೋನ್ ಇಲ್ಲ’ ಎಂಬ ಸಂದೇಶ. ರಿಸೀವರ್ ಎತ್ತಿದರೆ ಗುರ್ ಎಂಬ ಟೋನ್ ಸ್ಪಷ್ಟವಾಗಿ ಕೇಳುತ್ತಿತ್ತು, ಮೋಡೆಮ್ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಮೋಡೆಮ್ ಕಾಯುತ್ತಿದ್ದದ್ದು ಅಮೆರಿಕದ ಡಯಲ್ ಟೋನಿಗಾಗಿ, ಅದು 350 ಮತ್ತು 440 ಹರ್ಟ್ಸ್‌ಗಳ ಜೋಡಿ. ನಮ್ಮದು 25 ಹರ್ಟ್ಸ್‌ನಲ್ಲಿ ಏರಿಳಿಯುವ 400 ಹರ್ಟ್ಸ್‌ನ ದನಿ. ಆರಂಭಿಕ ಆದೇಶದ ಸಾಲಿಗೆ ‘ಎಟಿಎಕ್ಸ್3’ ಸೇರಿಸಿದರೆ ಮೋಡೆಮ್ ಟೋನಿಗಾಗಿ ಕಾಯದೆ ನೇರವಾಗಿ ಡಯಲ್ ಮಾಡುತ್ತದೆ. ಎಸ್‌ಎಲ್‌ಮೋಡೆಮ್‌ಡಿ ಬಳಸುವವರು ಡಬ್ಲ್ಯೂವಿಡಯಲ್‌ನ ಕಡತದಲ್ಲಿ ‘ಕ್ಯಾರಿಯರ್ ಚೆಕ್’ (ಸಂಪರ್ಕ ಸಿಕ್ಕ ಸಂಕೇತ ಬಂತೇ ಎಂದು ನೋಡುವ ಸೂಚನೆ) ಎಂಬುದಕ್ಕೆ ‘ನೋ’ ಎಂದು ಬರೆಯಲೇಬೇಕು. ಈ ಎರಡು ಬದಲಾವಣೆ ಮಾಡಿದ ರಾತ್ರಿಯೇ ನನ್ನ ಕಾರ್ಡಿನ ರಿಲೇ (ತಂತಿಗೆ ಸೇರಿಸುವ ಸ್ವಿಚ್) ಟಕ್ ಎಂದಿತು, ಅಂಕಿಗಳನ್ನು ಒತ್ತಿದ ದನಿಯ ಹಿಂದೆಯೇ ಮೋಡೆಮ್‌ನ ಆ ಕಿರುಚಾಟ ಕೇಳಿ ಮನೆಯವರೆಲ್ಲ ಎದ್ದು ಬಂದರು.

ಇಷ್ಟೆಲ್ಲ ಮಾಡಿಯೂ ಸಂಪರ್ಕ ಪದೇ ಪದೇ ಕಡಿದರೆ ಲಿನಕ್ಸನ್ನು ಬಿಟ್ಟು ತಂತಿಯನ್ನು ಪರೀಕ್ಷಿಸಿ. ಮಳೆಗಾಲದಲ್ಲಿ ಒದ್ದೆಯಾದ ಜೋಡಣೆಯಿಂದ ಬರುವ ಕರಕರ ಸದ್ದನ್ನು ಯಾವ ಡ್ರೈವರೂ ಸರಿಪಡಿಸಲಾರದು. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದ ಕೂಡಲೇ ದೂರವಾಣಿ ತಂತಿಯನ್ನು ಮೋಡೆಮ್‌ನಿಂದ ಕಿತ್ತುಬಿಡಿ. ನನ್ನ ಮೊದಲ ಕಾರ್ಡ್ ಹೋದದ್ದು ಹಾಗೆ ಕೀಳದೆ ಸಿಡಿಲಿಗೆ ಸಿಕ್ಕಿಯೇ.