ತಗ್ಗಿನ ಮನೆಯವರು

ಓದುಗರ ಪತ್ರ: ಮೊನ್ನೆ ಮೊಮ್ಮಗನ ಜೊತೆ ಕೂತು 2007ರ ಓವಲ್ ಟೆಸ್ಟಿನ ಹಳೇ ವಿಡಿಯೊ ನೋಡುತ್ತಿದ್ದೆ. ನಮ್ಮ ಕುಂಬ್ಳೆ ಸೆಂಚುರಿ ಹೊಡೆದ ಮ್ಯಾಚು. ಬೌಲರ್ ಹೆಸರು ಸೈಡ್‌ಬಾಟಮ್ ಎಂದು ಟೀವಿಯಲ್ಲಿ ಬಂದದ್ದೇ ತಡ, ಹುಡುಗ ಬಿದ್ದು ಬಿದ್ದು ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಏನು ಇದರ ಅರ್ಥ? ಅಲ್ಲಿ ಜಾಸ್ತಿ ಜನರಿಗೆ ಈ ಹೆಸರು ಇದೆಯಾ? ಇಂಥದ್ದನ್ನು ಬದಲಾಯಿಸಿಕೊಳ್ಳಬಹುದಲ್ವಾ?
– ನಿವೃತ್ತ ಶಿಕ್ಷಕರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಬಂದ ದಿನ ಉಳಿದ ಟಪಾಲನ್ನೆಲ್ಲ ಪಕ್ಕಕ್ಕೆ ಸರಿಸಿಟ್ಟೆ. ಮೊಮ್ಮಗನ ಜೊತೆ ಕೂತು ಹಳೇ ಟೆಸ್ಟ್ ನೋಡುವ ಅಜ್ಜಂದಿರು ಕಡಿಮೆ. ಒಂದು ಹೆಸರಿನ ಅರ್ಥ ಕೇಳಿ ಪತ್ರಿಕೆಗೆ ಬರೆಯುವವರು ಇನ್ನೂ ಕಡಿಮೆ. ಅದಕ್ಕೆ ನಿಮ್ಮ ಮೇಲೆ ಪ್ರೀತಿ ಬಂತು. ಆದರೆ ನೀವೂ ನಕ್ಕಿರಲ್ಲ, ಅದಕ್ಕೆ ಒಂದು ಸಣ್ಣ ಜಗಳ ಇದೆ. ಹುಡುಗ ನಗಲಿ, ಅವನ ವಯಸ್ಸು ಅಂಥದ್ದು. ಅಷ್ಟು ವರ್ಷ ತರಗತಿಯಲ್ಲಿ ನಿಂತು ಹಾಜರಿ ಕೂಗಿದ ನೀವು ನಗಬಾರದಿತ್ತು.

ಮೊದಲು ಅರ್ಥ ಹೇಳುತ್ತೇನೆ. ಇಲ್ಲಿ ಬಾಟಮ್ ಅಂದರೆ ತಗ್ಗು. ಎರಡು ಗುಡ್ಡಗಳ ನಡುವೆ ನೀರು ಇಳಿದು ಬಂದು, ಮಣ್ಣು ಕೂಡಿ, ಹುಲ್ಲು ಹುಲುಸಾಗಿ ಬೆಳೆಯುವ ಕಣಿವೆಯ ತಳ. ಸೈಡ್ ಅಂದರೆ ಪಕ್ಕ ಅಲ್ಲ. ಅದು ‘ಸೀಡ್’ ಅನ್ನುವ ಹಳೇ ಇಂಗ್ಲಿಷ್ ಪದ. ಅಗಲವಾದದ್ದು ಎಂದರ್ಥ. ಎರಡೂ ಸೇರಿದರೆ ಅಗಲ ಕಣಿವೆ. ಚೆಷೈರ್ ಸೀಮೆಯಲ್ಲಿ ಆ ಹೆಸರಿನ ಜಾಗವೊಂದಿತ್ತು. ಅಲ್ಲಿ ಬದುಕಿದವರಿಗೆ ಅದೇ ಮನೆತನದ ಹೆಸರಾಯಿತು, ಅಷ್ಟೇ.

ನಿಮಗೆ ನಗು ತರಿಸಿದ ಅರ್ಥ ಇದೆಯಲ್ಲ, ಮೈಯ ಹಿಂಭಾಗ ಅನ್ನುವುದು, ಅದು ಇಂಗ್ಲಿಷ್ ಬರಹದಲ್ಲಿ ಮೊದಲು ಸಿಗುವುದು 1794ರಲ್ಲಿ. ಇಂಗ್ಲೆಂಡಿನ ಬಹುಪಾಲು ಮನೆತನದ ಹೆಸರುಗಳು 1400ರ ಹೊತ್ತಿಗೆಲ್ಲ ನೆಲೆ ನಿಂತಿದ್ದವು. ಹೆಸರು ಹುಟ್ಟಿ ಹೆಚ್ಚುಕಡಿಮೆ ನಾನೂರು ವರ್ಷ ಆದ ಮೇಲೆ ಆ ಪದಕ್ಕೆ ಬೇರೆ ಅರ್ಥ ಅಂಟಿಕೊಂಡಿತು. ಅದರಲ್ಲಿ ಆ ಮನೆಯವರ ತಪ್ಪೇನು?

ಇಂಗ್ಲೆಂಡಿನ ಉತ್ತರಕ್ಕೆ ಹೋದರೆ ಲ್ಯಾಂಕಾಷೈರ್, ಯಾರ್ಕ್‌ಷೈರ್, ಚೆಷೈರ್ ಸೇರುವ ಕಡೆ ಪೆನೈನ್ ಬೆಟ್ಟಗಳಿವೆ. ಗುಡ್ಡದ ನೆತ್ತಿಯ ಮೇಲೆ ಗಾಳಿ ಮತ್ತು ಜೌಗು. ಬದುಕು ನಡೆಯುವುದೆಲ್ಲ ಕೆಳಗೆ, ಕುರಿ ಮೇಯುವ ಸಣ್ಣ ಸಣ್ಣ ಕಣಿವೆಗಳಲ್ಲಿ. ದೊಡ್ಡ ಊರುಗಳಿಗಿಂತ ಚದುರಿದ ಒಂಟಿ ಮನೆಗಳೇ ಅಲ್ಲಿ ಜಾಸ್ತಿ. ಹಾಗಾಗಿ ಒಬ್ಬೊಬ್ಬರಿಗೂ ತಮ್ಮ ತಮ್ಮ ತಗ್ಗಿನ ಹೆಸರು. ರಾಮ್ಸ್‌ಬಾಟಮ್ ಎಂಬ ಪಟ್ಟಣ ಇವತ್ತಿಗೂ ಇರ್ವೆಲ್ ಹೊಳೆಯ ದಂಡೆಯಲ್ಲಿದೆ. ಟಗರಿನ ಕಣಿವೆ ಅನ್ನುತ್ತಾರೆ ಕೆಲವರು, ಕಾಡು ಬೆಳ್ಳುಳ್ಳಿ ಬೆಳೆಯುವ ಕಣಿವೆ ಅನ್ನುತ್ತಾರೆ ಇನ್ನು ಕೆಲವರು. ನನಗೆ ಬೆಳ್ಳುಳ್ಳಿಯೇ ಇಷ್ಟ. ವಿಂಟರ್‌ಬಾಟಮ್ ಅಂದರೆ ಚಳಿಗಾಲದಲ್ಲಿ ದನಕುರಿ ಇಳಿಸಿ ಮೇಯಿಸುವ ಜಾಗ. ಇಂಗ್ಲೆಂಡಿನ ಫುಟ್‌ಬಾಲ್ ತಂಡದ ಮೊದಲ ಮ್ಯಾನೇಜರ್, 1946ರಿಂದ 1962ರವರೆಗೆ ಆ ಹುದ್ದೆಯಲ್ಲಿದ್ದ ವಾಲ್ಟರ್ ವಿಂಟರ್‌ಬಾಟಮ್ ಈ ಹೆಸರಿನವರೇ. ಹಿಗಿನ್‌ಬಾಟಮ್ ಮೂಲದಲ್ಲಿ ಓಕ್ ಮರಗಳ ತಗ್ಗು. ಎಲ್ಲರಿಗಿಂತ ಜಾಸ್ತಿ ನಗೆಪಾಟಲಾದ ಹೆಸರು ಷಫಲ್‌ಬಾಟಮ್. ಕುರಿಗಳ ಮೈ ತೊಳೆಯುವ ಒರತೆ ಇದ್ದ ಕಣಿವೆ ಅದು! ಇಷ್ಟು ಚೆಂದದ ಚಿತ್ರ ಹಿಂದೆ ಇಟ್ಟುಕೊಂಡ ಹೆಸರು ಶಾಲೆಯ ಬೆಂಚಿನ ಮೇಲೆ ಪೆಟ್ಟು ತಿನ್ನುತ್ತದೆ.

ಈಗ ನಿಮಗೊಂದು ಪ್ರಶ್ನೆ. ಇಯಾನ್ ಬಾಥಮ್ ಹೆಸರು ಕೇಳಿ ಯಾವತ್ತಾದರೂ ನಕ್ಕಿದ್ದೀರಾ? 1980ರ ಬಾಂಬೆ ಟೆಸ್ಟಿನಲ್ಲಿ ಸೆಂಚುರಿ ಹೊಡೆದು, ಹದಿಮೂರು ವಿಕೆಟ್ ಕಿತ್ತು ನಮ್ಮವರನ್ನು ಅಳಿಸಿದ ಮನುಷ್ಯ. ಬಾಥಮ್ ಅಂದರೂ ಬಾಟಮ್ಮೇ. ಅದೇ ಪದ, ಅದೇ ತಗ್ಗು, ಹಳೇ ಉಚ್ಚಾರಣೆಯ ಇನ್ನೊಂದು ರೂಪ. ಒಬ್ಬನ ಹೆಸರಿಗೆ ಎದ್ದು ನಿಲ್ಲುತ್ತೇವೆ, ಅದೇ ಬೇರಿನ ಇನ್ನೊಬ್ಬನ ಹೆಸರಿಗೆ ಸುಮ್ನೆ ನಗುತ್ತೇವೆ. ಬೇರು ಗೊತ್ತಿಲ್ಲದಿದ್ದರೆ ಹೀಗೇ ಆಗುವುದು.

ಹೆಸರಿನೊಳಗೆ ಎಷ್ಟು ದೂರದ ನೆನಪು ಇರುತ್ತದೆ ಎನ್ನುವುದಕ್ಕೆ ಒಂದು ಸಂಗತಿ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತಮ್ಮದೇ ಹೆಸರಿನ ಗಂಡಸರ ಡಿಎನ್‌ಎ ತೆಗೆದು ನೋಡಿದರು. ಸೈಕ್ಸ್ ಅಂದರೂ ಯಾರ್ಕ್‌ಷೈರ್ ಕಡೆ ಸಣ್ಣ ಹಳ್ಳವೇ. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ಪರೀಕ್ಷಿಸಿದ 48 ಮಂದಿಯಲ್ಲಿ 21 ಜನರಲ್ಲಿ, ಅಪ್ಪನಿಂದ ಮಗನಿಗಷ್ಟೇ ಇಳಿದು ಬರುವ ವೈ ಕ್ರೋಮೋಸೋಮಿನ ಗುರುತು ಒಂದೇ ಆಗಿತ್ತು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇವರೆಲ್ಲ ನೂರಾರು ವರ್ಷದ ಹಿಂದಿನ ಒಬ್ಬನೇ ಹಳ್ಳದ ದಂಡೆಯವನ ಸಂತಾನ ಎಂದು ಅವರು ತೀರ್ಮಾನಿಸಿದರು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರಾಜರ ವಂಶಾವಳಿಗೆ ಶಾಸನ ಇದೆ. ಕುರಿ ಕಾಯುವವನ ವಂಶಾವಳಿಗೆ ಇದ್ದದ್ದು ಹೆಸರೊಂದೇ.

ಎಷ್ಟು ಜನರಿಗೆ ಇದೆ ಎಂದು ಕೇಳಿದ್ದೀರಿ. ಸ್ಮಿತ್, ಜೋನ್ಸ್ ಪಕ್ಕದಲ್ಲಿಟ್ಟರೆ ಬಲು ಕಡಿಮೆ. ಕುಂಬ್ಳೆಗೆ ಬೌಲ್ ಮಾಡಿದ ರಯಾನ್ ಸೈಡ್‌ಬಾಟಮ್ ಹುಟ್ಟಿದ್ದು ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡಿನಲ್ಲಿ. ಬೇರು ಬಿಟ್ಟ ಜಾಗದಿಂದ ಮನೆತನ ಅಷ್ಟೇನೂ ದೂರ ಹೋಗಿಲ್ಲ ನೋಡಿ. ತಂದೆ ಆರ್ನಿ ಸೈಡ್‌ಬಾಟಮ್ ಕೂಡ ಇಂಗ್ಲೆಂಡಿಗೆ 1985ರಲ್ಲಿ ಒಂದು ಟೆಸ್ಟ್ ಆಡಿದವರು, ಮ್ಯಾಂಚೆಸ್ಟರ್ ಯುನೈಟೆಡ್ ಪರ ಫುಟ್‌ಬಾಲ್ ಆಡಿದವರು. 2017ರಲ್ಲಿ ಕೌಂಟಿ ಕ್ರಿಕೆಟ್ಟಿನಲ್ಲಿ ಇಬ್ಬರು ರಯಾನ್ ಸೈಡ್‌ಬಾಟಮ್ ಇದ್ದರು, ಗೊತ್ತಾ? ಇನ್ನೊಬ್ಬರು ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು. ಆದರೆ ಒಟ್ಟಿನಲ್ಲಿ ಈ ಗುಂಪಿನ ಹೆಸರುಗಳಿಗೆ ಕಾಲ ಒಳ್ಳೆಯದಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ರಿಚರ್ಡ್ ವೆಬರ್ 1881ರ ಜನಗಣತಿಯನ್ನು ಇತ್ತೀಚಿನ ಪಟ್ಟಿಗಳ ಜೊತೆ ಹೋಲಿಸಿದಾಗ, ಜನ ನಗುವ ಹಲವು ಹೆಸರುಗಳು ಇಳಿಮುಖವಾಗಿದ್ದವು. ಷಫಲ್‌ಬಾಟಮ್ ಅದರಲ್ಲಿ ಒಂದು.

ಬದಲಾಯಿಸಿಕೊಳ್ಳುವುದು ಅಲ್ಲಿ ಸುಲಭ. ಒಂದು ಪತ್ರಕ್ಕೆ ಸಾಕ್ಷಿ ಎದುರು ಸಹಿ ಹಾಕಿದರೆ ಆಯಿತು, ಕೋರ್ಟಿಗೆ ಹೋಗಬೇಕಿಲ್ಲ. ಶಾಲೆಯಿಂದ ದಿನಾ ಅಳುತ್ತಾ ಬರುವ ಮಗುವನ್ನು ನೋಡಿ ಹಾಗೆ ಮಾಡಿದ ತಾಯಿ ತಂದೆಯ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಮೇಷ್ಟ್ರೇ, ತಿದ್ದಬೇಕಾದದ್ದು ನಗುವ ಮಕ್ಕಳನ್ನಲ್ವಾ? ಆರುನೂರು ವರ್ಷ ಬಾಯಿಂದ ಬಾಯಿಗೆ ಬಂದ ಹೆಸರನ್ನು ಒಂದು ತರಗತಿಯ ಗೇಲಿಗೆ ಬಿಟ್ಟುಕೊಡುವುದಾ?

ಇಷ್ಟು ಬಿಸಿಯಾಗಿ ಬರೆಯಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ನಮಗೆ ಕತೆ ಕಳಿಸಿದ್ದ. ಹೊಲದ ಬದುವಿನ ಜಗಳದ ಮೇಲೆ ಒಳ್ಳೆಯ ಕತೆ. ಕೆಳಗೆ ಸೀಸದ ಕಡ್ಡಿಯಲ್ಲಿ ಒಂದು ಸಾಲು: ‘ದಯವಿಟ್ಟು ಅಡ್ಡಹೆಸರು ಹಾಕಬೇಡಿ.’ ಅವನ ಅಡ್ಡಹೆಸರು, ಅಂದರೆ ಮನೆತನದ ಹೆಸರು, ತಗ್ಗಿನಮನಿ. ಫೋನ್ ಮಾಡಿ ಕೇಳಿದೆ. ಬೆಂಗಳೂರಿನ ಆಫೀಸಿನಲ್ಲಿ ಜೊತೆಯವರು ‘ಏನ್ರೀ, ಮಳೆ ಬಂದ್ರೆ ನಿಮ್ಮನೆ ಮುಳುಗುತ್ತಾ’ ಅಂತ ಆಡಿಕೊಳ್ಳುತ್ತಾರೆ ಸಾರ್, ಅಂದ. ಆ ದನಿ ಇನ್ನೂ ಕಿವಿಯಲ್ಲಿದೆ. ಆಡಿಕೊಂಡವರೂ ಕನ್ನಡಿಗರೇ!

ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳ ಮುಂದೆ ಯಾವ ಪದಕೋಶ ನಿಲ್ಲುತ್ತದೆ ಹೇಳಿ. ಹಳ್ಳದ, ಗುಡ್ಡದ, ಬಾವಿಕಟ್ಟಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹೊಲ, ನೀರು, ಕಸುಬು, ಸಂತೆ, ಎಲ್ಲ ಒಂದೊಂದು ಪದದಲ್ಲಿ ಕೂತಿವೆ. ಇವನ್ನು ಕೇಳಿದರೆ ನಗುವ ಹುಡುಗರನ್ನು ನಾವೇ ಬೆಳೆಸುತ್ತಿದ್ದೇವೆ. ಅರ್ಜಿಯ ಫಾರಂನಲ್ಲಿ ಹೆಸರು ಉದ್ದವಾಯಿತು ಎಂದು ಕತ್ತರಿಸುತ್ತೇವೆ. ಇಂಗ್ಲಿಷಿನಲ್ಲಿ ಬರೆದು ಕೆಡಿಸುತ್ತೇವೆ. ಕೊನೆಗೆ ಉಳಿಯುವುದು ಒಂದು ಇನಿಷಿಯಲ್, ಮುಂದೆ ಒಂದು ಚುಕ್ಕಿ. ಆ ಹುಡುಗನ ಕತೆಯನ್ನು ಎರಡು ತಿಂಗಳು ತಡೆದಿಟ್ಟೆ. ನಾಲ್ಕು ಸಲ ಮಾತಾಡಿದೆ. ಕೊನೆಗೆ ಅವನೇ ಒಪ್ಪಿ, ಪೂರ್ತಿ ಹೆಸರಿನಲ್ಲೇ ಅಚ್ಚಾಯಿತು. ಆ ಸಂಚಿಕೆಯ ಹತ್ತು ಪ್ರತಿಯನ್ನು ಅವರಪ್ಪ ಕೇಳಿ ತರಿಸಿಕೊಂಡರು.

ಈಗ ನಿಮ್ಮ ಕಾಗದ ಮತ್ತೊಮ್ಮೆ ತೆಗೆದು ನೋಡಿದೆ. ಸಹಿಯ ಮುಂದೆ ನಿಮ್ಮದೂ ಎರಡು ಇನಿಷಿಯಲ್ ಇವೆ. ಒಂದು ತಂದೆಯದು ಇರಬೇಕು. ಇನ್ನೊಂದು ಯಾವ ಊರಿನದು, ಆ ಊರಿಗೆ ಆ ಹೆಸರು ಹೇಗೆ ಬಂತು? ಮೊಮ್ಮಗನಿಗೆ ಹೇಳಿ, ಅವನ ಕೈಯಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ ಪೂರ್ತಿ ಹೆಸರಿನೊಂದಿಗೆ ಹಾಕುತ್ತೇನೆ.